ಬಿಸಾಡಿ ಸರ್, ಚಾರಿಜಾರ್ಡ್ ಆದರೇನು

ಹಾಸನದಲ್ಲಿ ಐದನೇ ಕ್ಲಾಸಲ್ಲಿದ್ದಾಗ ಸ್ಕೂಲ್ ಎದುರಿನ ಅಂಗಡಿಯಲ್ಲಿ 10 ರೂಪಾಯಿಗೆ ಒಂದು ಪ್ಯಾಕ್ ಪೋಕೆಮಾನ್ ಕಾರ್ಡ್ ಸಿಗುತ್ತಿತ್ತು, ಕಾರ್ಟೂನಿನ ಪ್ರಾಣಿಗಳ ಚಿತ್ರ ಇರುವ ಆಟದ ಕಾರ್ಡ್. ಎಲ್ಲವೂ ಡೂಪ್ಲಿಕೇಟ್ ಅಂತ ನಮಗೇನು ಗೊತ್ತು? ಯಾರ ಕಾರ್ಡಲ್ಲಿ ಎಚ್‌ಪಿ, ಅಂದರೆ ಆ ಪೋಕೆಮಾನ್‌ನ ಜೀವಬಲದ ಅಂಕ, ಜಾಸ್ತಿಯೋ ಅವನು ಗೆದ್ದ, ಸೋತವನ ಕಾರ್ಡ್ ಅವನಿಗೆ. ಅಷ್ಟೇ ಆಟ. ಮನುಷ್ಯರ ಚಿತ್ರ ಇರುವ ಕಾರ್ಡ್ ಬಂದರೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೆ ಎಚ್‌ಪಿಯೇ ಇಲ್ಲವಲ್ಲ! ತಮ್ಮನಿಗೆ ಸುಮ್ನೆ ಕೊಟ್ಟುಬಿಡುತ್ತಿದ್ದೆ.

ಹೈಸ್ಕೂಲಿಗೆ ಬಂದ ಮೇಲೆ ಅದೆಲ್ಲ ಬಿಸ್ಕತ್ ಡಬ್ಬ ಸೇರಿತು. ಮತ್ತೆ ಕಾರ್ಡ್ ಮುಟ್ಟಿದ್ದು 2024ರಲ್ಲಿ, ಮೈಸೂರಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿ. ಕಾಲೇಜಿನ ಬೋರ್ಡ್ ಗೇಮ್ ಕ್ಲಬ್‌ಗೆ ರೂಮ್‌ಮೇಟ್ ಎಳೆದುಕೊಂಡು ಹೋದ. ಅಲ್ಲಿ ನಾಲ್ಕೈದು ಜನ ಪೋಕೆಮಾನ್ ಆಡುತ್ತಿದ್ದರು. ‘ಇದು ನನಗೆ ಬರುತ್ತೆ’ ಅಂತ ಕೂತೆ. ಕಲಿಸಲು ಎದುರಿಗೆ ಕೂತವಳು ಫಸ್ಟ್ ಇಯರ್ ಹುಡುಗಿ.

ಟಾಸ್ ಗೆದ್ದೆ. ನಾನೇ ಮೊದಲು ಅಂದೆ. ಅಟ್ಯಾಕ್‌ಗೆ ಬೇಕಾದ ಎನರ್ಜಿ ಕಾರ್ಡ್ ಹಾಕಿ ಅಟ್ಯಾಕ್ ಅಂತ ಕೈ ಎತ್ತಿದೆ.

“ಸರ್, ಮೊದಲು ಆಡೋರು ಮೊದಲನೇ ಟರ್ನಲ್ಲಿ ಅಟ್ಯಾಕ್ ಮಾಡೋ ಹಾಗಿಲ್ಲ.”

ಮುಂದಿನ ಟರ್ನ್‌ನಲ್ಲಿ ನಿಜವಾದ ಕಷ್ಟ ಬಂತು. ಕೈಯಲ್ಲಿ ಎರಡು ಚಾರಿಜಾರ್ಡ್ ಇಎಕ್ಸ್. ಒಂದೊಂದಕ್ಕೂ 330 ಎಚ್‌ಪಿ. ಆದರೆ ಅದು ಸ್ಟೇಜ್ 2 ಕಾರ್ಡ್, ಅಂದರೆ ಬೆಳೆದ ರೂಪ. ಕೆಳಗೆ ಅದರ ಮರಿ ರೂಪವಾದ ಚಾರ್ಮ್ಯಾಂಡರ್ ಇಲ್ಲದೆ ಇಳಿಸುವಂತಿಲ್ಲ. ನನ್ನ ಹತ್ತಿರ ಚಾರ್ಮ್ಯಾಂಡರ್ ಇರಲಿಲ್ಲ. ಇದ್ದದ್ದು ಪ್ರೊಫೆಸರ್ಸ್ ರಿಸರ್ಚ್ ಅನ್ನೋ ಕಾರ್ಡ್. ಕೈಯಲ್ಲಿರುವುದನ್ನೆಲ್ಲ ಬಿಸಾಡಿ ಹೊಸದಾಗಿ 7 ಕಾರ್ಡ್ ಎಳೆದುಕೊಳ್ಳಬೇಕು. ಮನುಷ್ಯರ ಚಿತ್ರದ ಕಾರ್ಡ್! ಎರಡು ನಿಮಿಷ ಸುಮ್ಮನೆ ನೋಡುತ್ತಾ ಕೂತೆ.

“ಬಿಸಾಡಿ ಸರ್, ಚಾರಿಜಾರ್ಡ್ ಆದರೇನು? ಕೈಯಲ್ಲಿಟ್ಕೊಂಡು ಪೂಜೆ ಮಾಡ್ತೀರಾ? ಸೂಪರ್ ರಾಡ್ ಕಾರ್ಡ್ ಬಂದ್ರೆ ಮತ್ತೆ ಡೆಕ್‌ಗೆ ಸೇರಿಸ್ಕೊಬಹುದು.”

ಬಿಸಾಡಿದೆ. ಏಳರಲ್ಲಿ ಚಾರ್ಮ್ಯಾಂಡರ್ ಬಂತು. ಆಟ ಮಾತ್ರ ಸೋತೆ. ಎದುರಾಳಿಯ ಪೋಕೆಮಾನ್ ಸೋಲಿಸಿದಾಗ ಪ್ರೈಜ್ ಕಾರ್ಡ್ ಎತ್ತಿಕೊಳ್ಳಬೇಕು. ಅವಳು ತನ್ನ ಆರನ್ನೂ ಎತ್ತಿಕೊಂಡಾಗ ನನ್ನವು ಇನ್ನೂ ಐದು ಮೇಜಿನ ಮೇಲೇ ಇದ್ದವು.

ಆಮೇಲೆ ನಾನೇ ಡೆಕ್ ಕಟ್ಟಿದೆ. ಒಟ್ಟು 60 ಕಾರ್ಡ್, ಒಂದೇ ಹೆಸರಿನದು 4ಕ್ಕಿಂತ ಜಾಸ್ತಿ ಇರಬಾರದು. ಬೇಸಿಕ್ ಎನರ್ಜಿಗೆ ಮಾತ್ರ ಆ ಲೆಕ್ಕ ಇಲ್ಲ. ಮೊದಲ ಸಲ ದೊಡ್ಡ ದೊಡ್ಡ ಪೋಕೆಮಾನ್ ತುಂಬಿಸಿ, ನೇರವಾಗಿ ಇಳಿಸಬಹುದಾದ ಬೇಸಿಕ್ ಪೋಕೆಮಾನ್ ಬರೀ 4 ಇಟ್ಟಿದ್ದೆ. ಮೊದಲ 7 ಕಾರ್ಡಲ್ಲಿ ಒಂದಾದರೂ ಬೇಸಿಕ್ ಬರಲೇಬೇಕು. ಬರದಿದ್ದರೆ ಕೈಯಲ್ಲಿರುವ ಕಾರ್ಡ್ ತೋರಿಸಿ ಮತ್ತೆ ಕಲಸಬೇಕು, ಎದುರಿನವರು ಬೇಕಾದರೆ ಒಂದು ಕಾರ್ಡ್ ಹೆಚ್ಚಿಗೆ ಎಳೆದುಕೊಳ್ಳುತ್ತಾರೆ. ಒಂದೇ ಆಟದಲ್ಲಿ ಮೂರು ಸಲ ಹಾಗಾಯಿತು. ಕ್ಯಾಲ್ಕುಲೇಟರ್ ಹಿಡಿದು ಲೆಕ್ಕ ಹಾಕಿದೆ. 4 ಬೇಸಿಕ್ ಇಟ್ಟರೆ ಮೊದಲ ಕೈಗೆ ಬರುವುದು ನೂರಕ್ಕೆ 40 ಸಲ. 12 ಇಟ್ಟರೆ 81. ಪ್ರಾಬಬಿಲಿಟಿ ಪೇಪರಿನಲ್ಲಿ ಕಲಿತದ್ದು ಮೊದಲ ಸಲ ಕೆಲಸಕ್ಕೆ ಬಂತು ಅನ್ನಿ. ಈಗ ನನ್ನ ಡೆಕ್ಕಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರೇನರ್ ಕಾರ್ಡುಗಳೇ, ಪ್ರೊಫೆಸರ್ಸ್ ರಿಸರ್ಚ್, ಸೂಪರ್ ರಾಡ್ ತರಹದ ನೆರವಿನ ಕಾರ್ಡುಗಳು. ತಮ್ಮನಿಗೆ ಕೊಟ್ಟ ಜಾತಿಯವು.

ಕ್ಲಬ್ಬಲ್ಲಿ ಎಲ್ಲರೂ ಅಸಲಿ ಕಾರ್ಡ್ ಕೊಂಡು ಆಡುವುದಿಲ್ಲ. ಕಾರ್ಡಿನ ಪ್ರಿಂಟ್ ತೆಗೆದು ಕತ್ತರಿಸಿ ಸ್ಲೀವ್‌ಗೆ, ಅಂದರೆ ಪ್ಲಾಸ್ಟಿಕ್ ಕವರಿಗೆ, ಹಾಕುತ್ತೇವೆ. ಅಧಿಕೃತ ಟೂರ್ನಮೆಂಟಲ್ಲಿ ಅದು ನಡೆಯಲ್ಲ, ನಮ್ಮ ಮೇಜಿನ ಮೇಲೆ ನಡೆಯುತ್ತೆ. ಆದರೆ ಬರೀ ಪೇಪರ್ ಬಗ್ಗುತ್ತೆ, ಹಿಂದೆ ಗಟ್ಟಿ ರಟ್ಟು ಬೇಕು.

ದಸರಾ ರಜೆಗೆ ಊರಿಗೆ ಹೋದಾಗ ಬಿಸ್ಕತ್ ಡಬ್ಬ ಇಳಿಸಿದೆ. ಅಸಲಿ ಕಾರ್ಡ್ ಹರಿದರೆ ಎರಡು ಪದರದ ನಡುವೆ ತೆಳ್ಳಗೆ ಕಪ್ಪು ಗೆರೆ ಕಾಣುತ್ತೆ ಅಂತ ಕೇಳಿದ್ದೆ. 9999 ಎಚ್‌ಪಿಯ ಒಂದನ್ನು ಹರಿದೆ. ಒಳಗೆಲ್ಲ ಬಿಳಿ. ಚಾರಿಜಾರ್ಡ್ ಹರಿಯಲು ಮನಸ್ಸು ಬರಲಿಲ್ಲ. ಡಬ್ಬ ಪೂರ್ತಿ ಮೈಸೂರಿಗೆ ತಂದೆ. ಹಿಂಬದಿ ಕಾಣದ ಕಪ್ಪು ಸ್ಲೀವ್‌ಗಳಲ್ಲಿ ಪ್ರಿಂಟಿನ ಬೆನ್ನಿಗೆ ಒಂದೊಂದನ್ನು ಸೇರಿಸಿದೆವು. ನನ್ನ ಐದನೇ ಕ್ಲಾಸಿನ ಚಾರಿಜಾರ್ಡ್ ಈಗ ಒಂದು ಪ್ರೊಫೆಸರ್ಸ್ ರಿಸರ್ಚ್ ಹಿಂದೆ ಕೂತಿದೆ.