ಬಿಬಿಸಿ ಮೈಕ್ರೋಗೆ ಉಚಿತ ಗೇಮ್‌ಗಳ ಡಿಸ್ಕ್ ಮಾಡಿ ಮಾರುವುದು: ನನ್ನ ಅನುಭವ

ಹಳೇ ಕಂಪ್ಯೂಟರಿನ ಉಚಿತ ಗೇಮ್‌ಗಳನ್ನು ಫ್ಲಾಪಿ ಡಿಸ್ಕಿಗೆ ಹಾಕಿ ದುಡ್ಡಿಗೆ ಕೊಡಬಹುದಾ, ತಪ್ಪಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ನಾನು ಇಂಗ್ಲೆಂಡಿನಲ್ಲಿ ಕೆಲವು ವರ್ಷಗಳಿಂದ ಈ ಕೆಲಸ ಮಾಡುತ್ತಿದ್ದೇನೆ, ಅದೂ ಬಿಬಿಸಿ ಮೈಕ್ರೋ ಒಂದಕ್ಕೇ. ಕೊಡಬಹುದು, ಆದರೆ ಗೇಮ್ ಬರೆದವರನ್ನು ಕೇಳಿದ ಮೇಲೆ.

ಬಿಬಿಸಿ ಮೈಕ್ರೋ ಅಂದ್ರೆ ಕೇಂಬ್ರಿಡ್ಜಿನ ಏಕಾರ್ನ್ ಕಂಪನಿ 1981ರಲ್ಲಿ ತಂದ ಮೆಷಿನ್. 6502 ಪ್ರೊಸೆಸರ್, ಮಾಡೆಲ್ ಬಿ ಆದರೆ 32 ಕೆಬಿ ಮೆಮೊರಿ. ಇಲ್ಲಿ ಒಂದು ತಲೆಮಾರು ಶಾಲೆಯಲ್ಲಿ ಕಂಪ್ಯೂಟರ್ ಕಲಿತಿದ್ದೇ ಇದರ ಮೇಲೆ. ನಮ್ಮ ಭಾರತದಲ್ಲೂ 1984ರ ಸುಮಾರಿಗೆ ಮಕ್ಕಳಿಗೆ ಕಂಪ್ಯೂಟರ್ ಕಲಿಸೋಕೆ ಶುರುವಾದ ಕ್ಲಾಸ್ ಯೋಜನೆಯಲ್ಲಿ ಶಾಲೆಗಳಿಗೆ ಬಂದದ್ದು ಇದೇ ಮೆಷಿನ್. ಆ ಕೆಂಪು ಫಂಕ್ಷನ್ ಕೀಗಳು ಕೆಲವರಿಗಾದರೂ ನೆನಪಿರಬಹುದು. ಇದಕ್ಕೆ ಈಗಲೂ ಹೊಸ ಗೇಮ್ ಬರೆಯುವವರಿದ್ದಾರೆ, ಹೆಚ್ಚಿನವರು ಸುಮ್ನೆ ಪ್ರೀತಿಯಿಂದ ಬರೆದು ಉಚಿತವಾಗಿ ಬಿಡುತ್ತಾರೆ. ನನ್ನ ಹತ್ತಿರ ಕೊಳ್ಳುವವರು ಅಟ್ಟದ ಮೇಲಿದ್ದ ಮೆಷಿನ್ ಇಳಿಸಿ ರಿಪೇರಿ ಮಾಡಿಸಿದವರು. ಡ್ರೈವ್ ಇರುತ್ತದೆ, ಇಂಟರ್ನೆಟ್ಟಿನಲ್ಲಿ ಸಿಕ್ಕ ಫೈಲನ್ನು ಆ ಡ್ರೈವಿನ ಡಿಸ್ಕಿಗೆ ಬರೆಯೋಕೆ ದಾರಿ ಇರುವುದಿಲ್ಲ.

ಅನುಮತಿ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫ್ರೀವೇರ್ ಅಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗುವುದಿಲ್ಲ. ಬರೆದವರು ಪುಕ್ಕಟೆ ಕೊಟ್ಟಿದ್ದಾರೆ, ನೀವು ಅದರ ಮೇಲೆ ದುಡ್ಡು ಮಾಡಿ ಅಂತ ಹೇಳಿಲ್ಲ. ಇಂತಿಂಥ ಷರತ್ತಿನ ಮೇಲೆ ಯಾರು ಬೇಕಾದರೂ ಹಂಚಬಹುದು ಅನ್ನುವ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಿನಲ್ಲಿ ವ್ಯಾಪಾರಕ್ಕೆ ಬಳಸಬಾರದು ಅಂತ ಇದ್ದರೆ ಹಾಗೇ ಮಾರುವ ಮಾತೇ ಇಲ್ಲ, ಬರೆದವರನ್ನು ಕೇಳಿಯೇ ಮುಂದುವರಿಯಬೇಕು. ಜಿಪಿಎಲ್ ಅನ್ನುವ ಮುಕ್ತ ತಂತ್ರಾಂಶದ ಲೈಸೆನ್ಸ್ ಆದರೆ ಪ್ರತಿಗೆ ದುಡ್ಡು ತಗೊಳ್ಳಬಹುದು, ಆದರೆ ಸೋರ್ಸ್ ಕೋಡ್, ಅಂದ್ರೆ ಪ್ರೋಗ್ರಾಂ ಬರೆದ ಮೂಲ ರೂಪ ಕೂಡ ಸಿಗುವಂತೆ ಮಾಡಬೇಕು. ಏನೂ ಬರೆದಿಲ್ಲ ಅಂದ್ರೆ ಎಲ್ಲ ಹಕ್ಕೂ ಬರೆದವರದ್ದೇ ಅಂತ ತಿಳಿದುಕೊಳ್ಳಿ. 80ರ ದಶಕದ ಪತ್ರಿಕೆಗಳಲ್ಲಿ ಗೇಮ್ ಪ್ರೋಗ್ರಾಂಗಳನ್ನು ಅಚ್ಚು ಹಾಕುತ್ತಿದ್ದರಲ್ಲ, ನೋಡಿ ಟೈಪ್ ಮಾಡಿಕೊಳ್ಳಲಿ ಅಂತ, ಅವನ್ನು ಎಷ್ಟೋ ಜನ ಪಬ್ಲಿಕ್ ಡೊಮೇನ್, ಅಂದ್ರೆ ಯಾರ ಹಕ್ಕೂ ಇಲ್ಲದ್ದು ಅಂದುಕೊಂಡಿದ್ದಾರೆ. ಅವೂ ಅಲ್ಲ. ನಾನು ಅವನ್ನು ಮುಟ್ಟುವುದಿಲ್ಲ.

ನಾನು ಕಳಿಸುವ ಮೇಲ್ ತೀರಾ ಚಿಕ್ಕದು. ಡಿಸ್ಕ್, ಕವರ್, ಲೇಬಲ್ಲಿನ ಖರ್ಚು ಎಷ್ಟು, ನಾನು ಎಷ್ಟಕ್ಕೆ ಕೊಡುತ್ತೇನೆ, ಗೇಮಿನಲ್ಲಿ ಒಂದಕ್ಷರವನ್ನೂ ಬದಲಿಸುವುದಿಲ್ಲ, ನಿಮ್ಮ ಹೆಸರು ಲೇಬಲ್ಲಿನ ಮೇಲೆ ಇರುತ್ತದೆ, ಬೇಡ ಅಂದ ದಿನ ನಿಲ್ಲಿಸುತ್ತೇನೆ. ಇಷ್ಟೇ. ಒಬ್ಬರು ಬೇಡ ಅಂದರು, ಅವರ ಗೇಮ್ ಪಟ್ಟಿಯಲ್ಲಿ ಇಲ್ಲ. ಇನ್ನೊಬ್ಬರು ದುಡ್ಡೇನೂ ಬೇಡ, ನನ್ನ ಗೇಮನ್ನು ನಿಜವಾದ ಫ್ಲಾಪಿಯಲ್ಲಿ ನಾನೇ ನೋಡಿಲ್ಲ, ಒಂದು ಕಳಿಸಿ ಅಂದರು. ಅವತ್ತಿಂದ ಯಾರ ಗೇಮೇ ಇರಲಿ, ಮೊದಲ ಡಿಸ್ಕ್ ಬರೆದವರಿಗೇ ಹೋಗುತ್ತದೆ.

ಈಗ ಡಿಸ್ಕ್ ಬರೆಯುವ ಕೆಲಸ. ಗ್ರೀಸ್‌ವೀಝಲ್ ಅಂತ ಒಂದು ಸಣ್ಣ ಬೋರ್ಡ್ ಇದೆ, ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ ಹಳೇ ಫ್ಲಾಪಿ ಡ್ರೈವಿನ ಕೇಬಲ್. ಐದೂಕಾಲು ಇಂಚಿನ ಡ್ರೈವಿಗೆ 12 ವೋಲ್ಟ್ ಬೇರೆ ಕೊಡಬೇಕು. ಬೋರ್ಡ್ ಜೋಡಿಸುವುದು ಸುಲಭ, ಕಷ್ಟ ಇರುವುದು ಟ್ರ್ಯಾಕುಗಳಲ್ಲಿ, ಅಂದ್ರೆ ಡಿಸ್ಕಿನ ಮೇಲೆ ಡೇಟಾ ಬರೆಯುವ ಸುತ್ತು ಗೆರೆಗಳಲ್ಲಿ. ಬಿಬಿಸಿ ಡ್ರೈವುಗಳಲ್ಲಿ ಕೆಲವು 40 ಟ್ರ್ಯಾಕಿನವು, ಕೆಲವು 80ರವು. ಡಿಸ್ಕಿನ ಒಂದು ಮುಖಕ್ಕೆ 40ರಲ್ಲಿ 100 ಕೆಬಿ, 80ರಲ್ಲಿ 200 ಕೆಬಿ. 80ರ ಡ್ರೈವಿನ ಹೆಡ್, ಅಂದ್ರೆ ಓದಿ ಬರೆಯುವ ಭಾಗ, ಎಳೆಯುವ ಗೆರೆ ಸಣ್ಣದು, 40ರದ್ದು ಹೆಚ್ಚುಕಡಿಮೆ ಎರಡು ಪಟ್ಟು ಅಗಲ. ಮೊದಲೇ ಬಳಸಿದ ಡಿಸ್ಕಿನ ಮೇಲೆ 80ರ ಡ್ರೈವಿನಿಂದ 40ರ ಲೆಕ್ಕದಲ್ಲಿ ಬರೆದರೆ, ಸಣ್ಣ ಗೆರೆಯ ಪಕ್ಕದಲ್ಲಿ ಹಳೇ ಅಗಲದ ಗೆರೆಯ ಅಂಚು ಹಾಗೇ ಉಳಿಯುತ್ತದೆ. ನನ್ನ ಡ್ರೈವಿನಲ್ಲಿ ಚೆನ್ನಾಗಿ ಓದುತ್ತದೆ, ಕೊಂಡವರ ಅಗಲದ ಹೆಡ್ ಎರಡನ್ನೂ ಒಟ್ಟಿಗೆ ಓದಿ ಕಲಸಿಬಿಡುತ್ತದೆ. ಅದಕ್ಕೇ 40ರ ಡಿಸ್ಕ್ ಬರೆಯೋಕೆ 40ರ ಡ್ರೈವನ್ನೇ ಇಟ್ಟಿದ್ದೇನೆ. ಆರ್ಡರ್ ಬಂದ ಕೂಡಲೇ ನಾನು ಕೇಳುವ ಮೊದಲ ಪ್ರಶ್ನೆಯೂ ಇದೇ, ನಿಮ್ಮದು 40ರದ್ದಾ 80ರದ್ದಾ, ಬದಲಿಸುವ ಸ್ವಿಚ್ ಇದೆಯಾ ಅಂತ.

ಡಿಸ್ಕ್‌ಗಳು ಹಳೇ ಸ್ಟಾಕ್. ಡಬಲ್ ಡೆನ್ಸಿಟಿ ಮಾತ್ರ ತಗೊಳ್ಳಿ, ಹೈ ಡೆನ್ಸಿಟಿ ಡಿಸ್ಕ್ ಅಗ್ಗಕ್ಕೆ ಸಿಕ್ಕರೂ ಬೇಡ, ಅದರ ಕಾಂತೀಯ ಲೇಪನವೇ ಬೇರೆ, ಈ ಡ್ರೈವ್ ಬರೆದದ್ದು ಅದರ ಮೇಲೆ ಸರಿಯಾಗಿ ನಿಲ್ಲುವುದಿಲ್ಲ. ಪ್ಯಾಕ್ ಒಡೆಯದ ಡಿಸ್ಕ್ ಆದರೂ ಡ್ರೈವಿಗೆ ಹಾಕುವ ಮುಂಚೆ ದೀಪದ ಕೆಳಗೆ ಹಿಡಿದು, ನಡುವಿನ ತೂತಿಗೆ ಬೆರಳು ಹಾಕಿ ನಿಧಾನಕ್ಕೆ ತಿರುಗಿಸಿ ಆ ಉದ್ದನೆಯ ಕಿಂಡಿಯಲ್ಲಿ ನೋಡುತ್ತೇನೆ. ಬೂದು ಬಣ್ಣದ ಚುಕ್ಕೆ ಕಂಡರೆ ಅದು ಬೂಷ್ಟು, ಸೀದಾ ಕಸಕ್ಕೆ. ಅಂಥದ್ದು ಒಂದು ಒಳಗೆ ಹೋದರೆ ಹೆಡ್ಡಿಗೆ ಅಂಟಿಕೊಂಡು ಮುಂದಿನ ಒಳ್ಳೇ ಡಿಸ್ಕನ್ನೂ ಗೀರಿಬಿಡುತ್ತದೆ. ಹೆಡ್ ಒರೆಸೋಕೆ ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಹತ್ತಿ ಕಡ್ಡಿ ಸಾಕು.

ಇನ್ನೊಂದು ತೊಡಕು ಮೆಮೊರಿಯದ್ದು. ಕ್ಯಾಸೆಟ್ ಮೆಷಿನ್ನಿನಲ್ಲಿ ಪ್ರೋಗ್ರಾಂ 3584ನೇ ಬೈಟಿನಿಂದ ಶುರುವಾಗುತ್ತದೆ. ಡಿಸ್ಕ್ ಜೋಡಿಸಿದರೆ ಡಿಸ್ಕಿನ ಫೈಲುಗಳನ್ನು ನೋಡಿಕೊಳ್ಳುವ ಡಿಎಫ್‌ಎಸ್ ತನ್ನ ಪಾಲು ತಗೊಂಡು ಅದು 6400ಕ್ಕೆ ಏರುತ್ತದೆ. ಬಣ್ಣ ಜಾಸ್ತಿ ಇರುವ ಮೋಡ್ 2 ಪರದೆಗೇ 20 ಕೆಬಿ ಬೇಕು, ಉಳಿದದ್ದರಲ್ಲಿ ಈ 2816 ಬೈಟ್ ಬಹಳ ದೊಡ್ಡದು. ಕ್ಯಾಸೆಟ್ಟಿಗೆಂದು ಬರೆದ ಗೇಮನ್ನು ಹಾಗೇ ಡಿಸ್ಕಿಗೆ ಹಾಕಿದರೆ ಎಷ್ಟೋ ಸಲ ಓಡುವುದಿಲ್ಲ. ಲೋಡ್ ಆದ ಮೇಲೆ ಗೇಮನ್ನು ಕೆಳಕ್ಕೆ ಸರಿಸುವ ಪುಟ್ಟ ಲೋಡರ್ ಬೇಕು. ಅದನ್ನು ಬೇರೆ ಫೈಲಾಗಿ ಇಡುತ್ತೇನೆ, ಗೇಮಿನ ಫೈಲ್ ಬರೆದವರು ಕೊಟ್ಟ ಹಾಗೇ ಇರುತ್ತದೆ. ಮಾಡೆಲ್ ಬಿ ಮೇಲೆ ಶಿಫ್ಟ್ ಹಿಡಿದು ಬ್ರೇಕ್ ಒತ್ತಿ ಡಿಸ್ಕ್ ಶುರು ಮಾಡಿ, ಮೊದಲ ಹಂತ ಆಡಿ ನೋಡಿದ ಮೇಲೆಯೇ ಲೇಬಲ್ ಅಂಟಿಸುವುದು.

ಬೆಲೆ ಒಂದು ಡಿಸ್ಕಿಗೆ 4 ಪೌಂಡ್, ಅಂಚೆ ಬೇರೆ. ಎರಡೂ ಕಡೆ ಗಟ್ಟಿ ರಟ್ಟು ಇಟ್ಟು ಲಾರ್ಜ್ ಲೆಟರ್ ದರದಲ್ಲಿ ಕಳಿಸುತ್ತೇನೆ. ಅಳತೆಗೆ ಮಾಮೂಲಿ ಕಾಗದದ ದರದಲ್ಲೂ ಹೋಗುತ್ತದೇನೋ, ಆದರೆ ಮಡಚಿದ ಡಿಸ್ಕ್ ಯಾರಿಗೆ ಬೇಕು? ಇಲ್ಲಿ ಸಣ್ಣ ವ್ಯಾಪಾರದಲ್ಲಿ ವರ್ಷಕ್ಕೆ 1,000 ಪೌಂಡ್‌ವರೆಗಿನ ವಹಿವಾಟಿಗೆ ತೆರಿಗೆ ವಿನಾಯಿತಿ ಇದೆ, ನನ್ನದು ಅದರ ಹತ್ತಿರವೂ ಹೋಗುವುದಿಲ್ಲ. ವೀಸಾದ ಮೇಲೆ ಇರುವ ನಮ್ಮವರು ಮಾತ್ರ ಶುರು ಮಾಡುವ ಮುಂಚೆ ತಮ್ಮ ವೀಸಾ ಷರತ್ತು ಓದಿಕೊಳ್ಳಬೇಕು, ಕೆಲವು ವೀಸಾಗಳಲ್ಲಿ ಸ್ವಂತ ವ್ಯಾಪಾರಕ್ಕೆ ಅವಕಾಶ ಇಲ್ಲ.

ಓದದಿದ್ದರೆ ಡಿಸ್ಕ್ ವಾಪಸ್ ಕಳಿಸಬೇಡಿ, ಪರದೆಯ ಮೇಲೆ ಬಂದ ಡಿಸ್ಕ್ ಫಾಲ್ಟ್ ನಂಬರ್ ಕಳಿಸಿ ಅಂತ ಚೀಟಿಯಲ್ಲಿ ಬರೆದಿರುತ್ತೇನೆ. 18 ಅಂತ ಬಂದರೆ ಸೆಕ್ಟರ್ (ಟ್ರ್ಯಾಕಿನ ಒಂದು ತುಂಡು) ಸಿಗಲಿಲ್ಲ ಅಂತ, ಮೊದಲು 40–80 ಸ್ವಿಚ್ ನೋಡಿ ಅನ್ನುತ್ತೇನೆ, ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಸೊನ್ನೆ-ಇ ಬಂದರೆ ಓದಿದ ಡೇಟಾ ತಾಳೆಯಾಗಲಿಲ್ಲ ಅಂತ. ಅವರು ಹೆಡ್ ಒರೆಸಿ ನೋಡುತ್ತಾರೆ, ಆಗಲೂ ಬಂದರೆ ನಾನು ಇನ್ನೊಂದು ಡಿಸ್ಕ್ ಬರೆದು ನನ್ನ ಖರ್ಚಿನಲ್ಲೇ ಕಳಿಸುತ್ತೇನೆ.