ಗಲ್ಲಾದಲ್ಲಿ ಕೂತು ಏರಿದ ಶುಗರ್ ಎದ್ದು ಎದ್ದೇ ಇಳಿಸಿದೆ

ಮುಂಬೈಯ ಮಾಟುಂಗಾದಲ್ಲಿ ಹೋಟೆಲ್ ಗಲ್ಲಾ ಮೇಲೆ ಕೂತು ಇಪ್ಪತ್ತೈದು ವರ್ಷದ ಮೇಲಾಯ್ತು, ವಯಸ್ಸು 54. ಬೆಳಿಗ್ಗೆ ಫೈವ್ ಗಾರ್ಡನ್ಸಲ್ಲಿ ವಾಕಿಂಗ್ ತಪ್ಪಿಸ್ತಿರ್ಲಿಲ್ಲ, ಆದ್ರೂ ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳೋ ಎಚ್‌ಬಿಎ1ಸಿ ಟೆಸ್ಟು 7.2ರ ಹತ್ರ. ಮುಕ್ಕಾಲು ಗಂಟೆ ನಡೆದು ಉಳಿದ ಹತ್ತು ಗಂಟೆ ಸ್ಟೂಲಿಗೆ ಅಂಟಿಕೊಂಡ್ರೆ ಇನ್ನೇನಾಗುತ್ತೆ ಮಾರಾಯ್ರೆ.

ಮೊದ್ಲು ಸುರಿದ ದುಡ್ಡು ಕೇಳಿ. ನಿಂತೇ ಬಿಲ್ ಮಾಡೋಣ ಅಂತ ಕೌಂಟರ್ ಎತ್ತರ ಮಾಡ್ಸಿದೆ, ಹನ್ನೆರಡು ಸಾವಿರ ಚಿಲ್ರೆ. ಸ್ವಲ್ಪ ದಿನಕ್ಕೇ ಹಿಮ್ಮಡಿ ನೋವು, ಮೀನಖಂಡದಲ್ಲಿ ನರ ಉಬ್ಬೋಕೆ ಶುರು. ರಬ್ಬರ್ ಮ್ಯಾಟಿಗೆ ಮತ್ತೊಂದು ಸಾವಿರ. ಅಲ್ಲಾ, ಕಾಲು ಆಡಿಸಿದ್ರೆ ತಾನೇ ರಕ್ತ ಮೇಲಕ್ಕೆ ಹೋಗೋದು, ಗೂಟದ ಥರ ನಿಂತ್ರೆ ಏನು ಬಂತು? ಆಮೇಲೆ ಸ್ಮಾರ್ಟ್ ವಾಚು, ಗಂಟೆಗೊಮ್ಮೆ ಗುಂಯ್ ಅನ್ನೋದು, ಊಟದ ರಶ್ಶಲ್ಲಿ ಯಾರು ಏಳ್ತಾರೆ, ಮಗಳಿಗೆ ಕೊಟ್ಬಿಟ್ಟೆ.

ಕೊನೆಗೆ ಕೆಲಸ ಮಾಡಿದ್ದು ಬಿಟ್ಟಿ ಉಪಾಯ. ಚಿಲ್ರೆ ಡಬ್ಬ, ಪಾರ್ಸೆಲ್ ಬಿಲ್ಲಿನ ಪ್ರಿಂಟರ್ ಎರಡನ್ನೂ ಕೈಗೆ ಸಿಗದ ಹಾಗೆ ಕೌಂಟರಿನ ಆ ತುದಿಗೆ ಹಾಕ್ದೆ. ಲೀಟರ್ ಬಾಟ್ಲಿ ತೆಗ್ದು ಸಣ್ಣ ಲೋಟ ಇಟ್ಕೊಂಡೆ, ನೀರು ಬೇಕಂದ್ರೆ ಒಳಗೆ ಹೋಗ್ಲೇಬೇಕು. "ಗಲ್ಲಾ ಬಿಟ್ಟು ತಿರುಗೋ ಸೇಠ್ ಉದ್ಧಾರ ಆದದ್ದುಂಟಾ ಅಣ್ಣಾ" ಅಂತ ತಮ್ಮ ನಕ್ಕ. ಈಗ ಅರ್ಧಕ್ಕರ್ಧ ಗಿರಾಕಿ ಯುಪಿಐ, ದುಡ್ಡು ಬಂತು ಅಂತ ಸ್ಪೀಕರೇ ಕೂಗುತ್ತೆ, ನಾನ್ಯಾಕೆ ಕಾವಲು? 1953ರಲ್ಲೇ ಲಂಡನ್ನಿನ ಜೆರೆಮಿ ಮಾರಿಸ್ ಅನ್ನೋ ಡಾಕ್ಟ್ರು, ಡಬಲ್ ಡೆಕ್ಕರ್ ಬಸ್ಸಲ್ಲಿ ಕೂತೇ ಇರೋ ಡ್ರೈವರ್‌ಗಳಿಗಿಂತ ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಮ್ಮಿ ಅಂತ ತೋರ್ಸಿದ್ರು ಅಂದೆ. "ಕಂಡಕ್ಟರ್ ಕ್ಯಾಶ್ ಚೀಲ ಹೆಗಲಿಗೇ ಇರುತ್ತಲ್ಲ" ಅಂದ ಅವ್ನು!

ಶುಗರಿಗೆ ಜಾಸ್ತಿ ಹೊಡೆತ ಕೊಟ್ಟಿದ್ದು ಊಟ ಆದ ತಕ್ಷಣ ಟೇಬಲ್‌ಗಳ ಸುತ್ತ ಹತ್ತು ನಿಮಿಷದ ರೌಂಡು. ಗ್ಲುಕೋಮೀಟರ್ ಇಟ್ಟೇ ನೋಡಿದೀನಿ, ಅದೇ ಅನ್ನ ಸಾಂಬಾರಿಗೆ ಕೂತಿದ್ರೆ 200ರ ಆಸುಪಾಸು, ತಿರುಗಿದ್ರೆ 170ರ ಒಳಗೆ. ಸ್ಟ್ರಿಪ್ಪಿಗೇ ಎರಡು ಮೂರು ಸಾವಿರ ಹೋಯ್ತು, ಹೋಗ್ಲಿ. ಜೊತೆಗೆ ಪ್ರತಿ ಸಲ ಕೈ ಊರದೆ ಸ್ಟೂಲಿಂದ ಏಳೋದು, ಇದು ತೊಡೆಗೆ, ಈ ವಯಸ್ಸಲ್ಲಿ ಮೊದ್ಲು ಕರಗೋದೇ ಅಲ್ಲಿ. ಸ್ಟೇಷನ್ ಬ್ರಿಜ್ ಈಗ ಕಂಬಿ ಹಿಡಿಯದೆ ಹತ್ತುತೀನಿ.

ಮಾತ್ರೆ ಬದಲಾಯಿಸಿಲ್ಲ, ಈ ಸಲ ಎಚ್‌ಬಿಎ1ಸಿ 6.5. ಮಧ್ಯಾಹ್ನ ಮೂರು ಗಂಟೆಯ ತೂಕಡಿಕೆ ಟೈಮಲ್ಲಿ ಏನ್ ಮಾಡ್ತೀನಿ ಅನ್ನೋದು ಮಾತ್ರ ಬರೆಯಲ್ಲ, ಕಾಫಿಗೆ ಬಂದವ್ರಿಗೆ ತೋರಿಸ್ತೀನಿ. ರಾತ್ರಿ ಲೆಕ್ಕ ಬರೆಯೋದು ಇನ್ನೂ ಕೂತೇ, ನಿಂತು ಬರೆದ್ರೆ ಟ್ಯಾಲಿ ಆಗಲ್ಲ.