ಮಣ್ಣಿನ ಇಂಗಾಲದಲ್ಲಿ ಹಳೆಯ ಕಾಡಿನ ಲೆಕ್ಕ

ಕಾಡು ಇವತ್ತು ಎಷ್ಟು ದಟ್ಟವಾಗಿದೆ ಎಂದು ತಿಳಿಯಲು ಮಣ್ಣು ಅಗೆಯಬೇಕಿಲ್ಲ. ಫಿಶ್‌ಐ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಆಕಾಶಕ್ಕೆ ಮುಖಮಾಡಿ ಇಟ್ಟರೆ ಎಲೆ ಎಷ್ಟು, ಬಾನು ಎಷ್ಟು ಎಂಬುದು ಒಂದೇ ಚಿತ್ರದಲ್ಲಿ ಸಿಗುತ್ತದೆ. ನನಗೆ ಬೇಕಿದ್ದದ್ದು ಹಿಂದಿನ ಲೆಕ್ಕ. ಈ ಜಾಗದಲ್ಲಿ ಮೊದಲಿನಿಂದಲೂ ಮರಗಳಿದ್ದವೋ ಅಥವಾ ಹುಲ್ಲುಗಾವಲಿನ ಮೇಲೆ ಕಾಡು ಹಬ್ಬಿತೋ? ಅದಕ್ಕೆ ಮಣ್ಣೇ ಬೇಕು.

ಪ್ರಕೃತಿಯಲ್ಲಿರುವ ಇಂಗಾಲದಲ್ಲಿ ಶೇ. 1.1ರಷ್ಟು ಮಾತ್ರ ಭಾರವಾದ ಇಂಗಾಲ-13. ದ್ಯುತಿಸಂಶ್ಲೇಷಣೆಯ ವೇಳೆ ಗಿಡಗಳು ಅದನ್ನು ಅಷ್ಟಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದು ಮಾನಕಕ್ಕೆ ಹೋಲಿಸಿದರೆ ಇಂಗಾಲ-13 ಸಾವಿರಕ್ಕೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದನ್ನು ಡೆಲ್ಟಾ ಮೌಲ್ಯ ಹೇಳುತ್ತದೆ. ಮರಗಳೂ ಪೊದೆಗಳೂ ಸೇರುವ ಸಿ3 ಗುಂಪಿನಲ್ಲಿ ಅದು ಸಾವಿರಕ್ಕೆ ಮೈನಸ್ 27ರ ಆಸುಪಾಸು, ಉಷ್ಣವಲಯದ ಬಯಲು ಹುಲ್ಲುಗಳ ಸಿ4 ಗುಂಪಿನಲ್ಲಿ ಮೈನಸ್ 12ರ ಆಸುಪಾಸು. ಎಲೆ, ಬೇರು ಕೊಳೆತು ಮಣ್ಣು ಸೇರಿದ ಮೇಲೂ ಈ ಗುರುತು ಬಹುಮಟ್ಟಿಗೆ ಉಳಿಯುತ್ತದೆ.

ಬಯಲಿನಿಂದ ಕಾಡಿನೊಳಕ್ಕೆ ನೇರ ಗೆರೆ ಹಾಕಿಕೊಂಡು, ಪ್ರತಿ ಬಿಂದುವಿನಲ್ಲೂ ತಲೆಯ ಮೇಲಿನ ಎಲೆ-ಬಾನಿನ ಚಿತ್ರ ತೆಗೆದು, ಅಲ್ಲಿಯೇ ಮಣ್ಣನ್ನೂ ತೆಗೆದೆ. ತರಗೆಲೆಯನ್ನು ಮೊದಲು ಸರಿಸಿದೆ. ಅದು ಈಚಿನ ವರ್ಷಗಳ ಸಂಗತಿಯನ್ನಷ್ಟೇ ಹೇಳುತ್ತದೆ. ಮರದ ಬುಡದ ಮಣ್ಣಿಗೂ ಎರಡು ಹೆಜ್ಜೆ ಆಚೆಯ ಮಣ್ಣಿಗೂ ವ್ಯತ್ಯಾಸ ಇರುವುದರಿಂದ ಸುತ್ತಲಿನ ಹಲವು ಹಿಡಿಗಳನ್ನು ಬೆರೆಸಿದೆ. ಆದರೆ ಒಂದು ಆಳದ್ದನ್ನು ಇನ್ನೊಂದು ಆಳದ್ದರ ಜೊತೆ ಬೆರೆಸಲಿಲ್ಲ.

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವುದು ಬೇರು ಆರಿಸುವುದು. ಒಣಗಿಸಿ, 2 ಮಿ.ಮೀ. ಜರಡಿ ಹಿಡಿದ ಮೇಲೂ ಕೂದಲೆಳೆಯಂಥ ಬೇರುಗಳು ಉಳಿದಿರುತ್ತವೆ. ಅವು ಇಂದಿನ ಗಿಡದವು. ಒಂದಿಷ್ಟು ಉಳಿದರೂ ಹಳೆಯ ಮಣ್ಣು ಇಂದಿನ ಕತೆ ಹೇಳತೊಡಗುತ್ತದೆ. ಚಿಮಟದಲ್ಲಿ ಸಿಗುವಷ್ಟನ್ನು ತೆಗೆದು, ಮಣ್ಣನ್ನು ತೆಳ್ಳಗೆ ಹರಡಿ, ಬಟ್ಟೆಗೆ ಉಜ್ಜಿದ ಪ್ಲಾಸ್ಟಿಕ್ ಪಟ್ಟಿಯನ್ನು ಸ್ವಲ್ಪ ಮೇಲೆ ಹಿಡಿಯುತ್ತೇನೆ. ಎಳೆಗಳು ನೆಟ್ಟಗೆ ಎದ್ದು ಪಟ್ಟಿಗೆ ಅಂಟಿಕೊಳ್ಳುತ್ತವೆ. ಹೆಚ್ಚು ಹೊತ್ತು ಹಿಡಿದರೆ ಹಗುರವಾದ ಸಾವಯವ ಕಣಗಳೂ ಮೇಲೇಳುತ್ತವೆ, ಹಾಗಾಗಿ ಅಲ್ಲಿಗೇ ನಿಲ್ಲಿಸಬೇಕು.

ಆಮೇಲೆ ಒಂದು ಚಿಟಿಕೆಗೆ ತೆಳು ಹೈಡ್ರೋಕ್ಲೋರಿಕ್ ಆಮ್ಲದ ಹನಿ. ನೊರೆ ಬಂದರೆ ಸುಣ್ಣದ ಅಂಶ ಇದೆ, ಅದರ ಇಂಗಾಲ ಕೊಳೆತ ಎಲೆ, ಬೇರಿನದಲ್ಲ, ಅದನ್ನು ತೆಗೆಯದೆ ಅಳೆಯುವಂತಿಲ್ಲ. ನೊರೆ ಬರದ ಮಣ್ಣಿಗೆ ನಾನು ಆಮ್ಲ ಹಾಕುವುದೇ ಇಲ್ಲ, ಅದು ಸಾವಯವ ಇಂಗಾಲವನ್ನೂ ಒಂದಿಷ್ಟು ಕರಗಿಸಿಬಿಡುತ್ತದೆ. ನುಣ್ಣಗೆ ಅರೆದು, ತವರದ ಪುಟ್ಟ ಕ್ಯಾಪ್ಸೂಲಿನಲ್ಲಿ ತೂಗಿ ಮಡಚಿದರೆ ಉಳಿದದ್ದು ಭಾರದ ಮತ್ತು ಹಗುರ ಇಂಗಾಲವನ್ನು ಬೇರ್ಪಡಿಸಿ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಯಂತ್ರದ ಪಾಲು.

ಅಂಕಿ ಕೈಗೆ ಬಂದಾಗ ಅವಸರ ಸಲ್ಲದು. ಮೈನಸ್ 19.5 ಬಂತೆಂದರೆ ಅರ್ಧ ಮರ, ಅರ್ಧ ಹುಲ್ಲು ಎನ್ನಿಸುತ್ತದೆ. ಅದು ಇಂಗಾಲದ ಪಾಲು, ನೆರಳಿನ ಪಾಲಲ್ಲ. 2011ರಲ್ಲಿ ಥೂರ್ ಸರ್ಲಿಂಗ್ ಮತ್ತು ಸಂಗಡಿಗರು ನೇಚರ್ ಪತ್ರಿಕೆಯಲ್ಲಿ ಕೊಟ್ಟ ಸೂತ್ರಕ್ಕೆ ಅದೇ ಅಂಕಿ ಹಾಕಿದರೆ ಮರಗಳ ಹೊದಿಕೆ ಸುಮಾರು ಮೂರನೇ ಒಂದು ಭಾಗ ಮಾತ್ರ. ಹುಲ್ಲೇ ಇಲ್ಲದ ಮುಚ್ಚಿದ ಕಾಡಿನಲ್ಲಂತೂ ಈ ಲೆಕ್ಕಕ್ಕೆ ಹಿಡಿತವೇ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಬೇರೊಂದು ಸುಳಿವು. ಮಂದ ಬೆಳಕು, ನೆಲದಿಂದ ಹೊಮ್ಮುವ ಹಗುರ ಇಂಗಾಲದ ಡೈಆಕ್ಸೈಡ್ ಎರಡೂ ಸೇರಿ ಕೆಳಹಂತದ ಎಲೆಗಳನ್ನು ಮೈನಸ್ 30ಕ್ಕಿಂತ ಕೆಳಕ್ಕೆ ಇಳಿಸುತ್ತವೆ. ಆದರೆ ಬೀಳುವ ತರಗೆಲೆಯಲ್ಲಿ ಬಹುಪಾಲು ಬಿಸಿಲು ಕಂಡ ಮೇಲಿನ ಎಲೆಗಳೇ ಆದ್ದರಿಂದ ಮಣ್ಣಿನಲ್ಲಿ ಈ ಗುರುತು ಮಸುಕಾಗುತ್ತದೆ. ಇಂಥ ಕಡೆ ನಾನು ಶೇಕಡಾವಾರು ಬರೆಯುವುದಿಲ್ಲ, 'ಮುಚ್ಚಿದ ಕಾಡು' ಎಂದಷ್ಟೇ ಬರೆಯುತ್ತೇನೆ.

ನನ್ನ ಪ್ರಶ್ನೆಗೆ ಉತ್ತರ ಕೊಟ್ಟದ್ದು ಹಳೆಯ ಇಂಗಾಲ ಉಳಿದಿರುವ ಆಳದ ಮಣ್ಣು. ಕೊಳೆಯುವಿಕೆಯಿಂದಲೇ ಕೆಳಗಿನ ಪದರದ ಮೌಲ್ಯ ಸಾವಿರಕ್ಕೆ ಒಂದರಿಂದ ಮೂರರಷ್ಟು ಏರುತ್ತದೆ. ಕಲ್ಲಿದ್ದಲು, ತೈಲ ಉರಿಸಿದ್ದರಿಂದ ಗಾಳಿಯ ಇಂಗಾಲದ ಮೌಲ್ಯವೇ ಸಾವಿರಕ್ಕೆ ಸುಮಾರು ಎರಡರಷ್ಟು ಕೆಳಗಿಳಿದಿದ್ದು, ಹೊಸ ಇಂಗಾಲ ತುಂಬಿದ ಮೇಲ್ಪದರದಲ್ಲಿ ಅದರ ಪಾಲೂ ಸೇರಿರುತ್ತದೆ. ಇವೆರಡನ್ನೂ ಕಳೆದ ಮೇಲೂ ದೊಡ್ಡ ಏರು ಉಳಿದರೆ ಮಾತ್ರ ಅದನ್ನು ಹುಲ್ಲಿನ ಲೆಕ್ಕಕ್ಕೆ ಹಾಕುತ್ತೇನೆ. ಕಾಡಿನ ಅಂಚಿನ ಬಿಂದುಗಳಲ್ಲಿ ಅಂಥ ಏರು ಸ್ಪಷ್ಟವಾಗಿತ್ತು. ಮರಗಳು ಅಲ್ಲಿಗೆ ಆಮೇಲೆ ಬಂದವು. ನಡುವಿನ ಕಾಡಿನಲ್ಲಿ ಏರು ಅಲ್ಪ, ಕೊಳೆಯುವಿಕೆಯೇ ಅದಕ್ಕೆ ಸಾಕು.